ತಳದ ಚೀಲ

ಬಸ್ ನಿಲ್ದಾಣದ ಎದುರಿನ ವಸತಿಗೃಹ,
ಎರಡನೇ ಮಹಡಿ, ಚಿಲಕ ಕೂರದ ಕಿಟಕಿಯ ಕೋಣೆ.
ಬುಧವಾರ, ಬೆಳಗ್ಗೆ.

ಪ್ರೀತಿಯ ಅತ್ತೆ,

ಪ್ರೀತಿ ಇದೆ. ಈ ಹೊತ್ತು ಅದು ಎಲ್ಲಿದೆ ಅಂತ ಹುಡುಕಬೇಕು, ಅಷ್ಟೆ. ಮೊದಲು ನಿಮ್ಮ ಆರೋಗ್ಯ ಕೇಳುತ್ತೇನೆ. ಕೇಳದಿದ್ದರೆ ನಮ್ಮಮ್ಮ ನನಗೆ ಏನೂ ಕಲಿಸಲಿಲ್ಲ ಅಂತ ಆಗುತ್ತದೆ. ಮಣಿಕಟ್ಟಿನ ನೋವು ಹೇಗಿದೆ? ಬೆಳಗಿನ ಚಳಿಗೆ ಹಿಡಿದುಕೊಳ್ಳುತ್ತಿದೆಯೇ? ಪಕ್ಕದ ಮನೆಯ ಟೀಚರಮ್ಮ ಹೇಳಿದಂತೆ ದಿನಾ ಬಂದು ನೋಡಿಕೊಂಡು ಹೋಗುತ್ತಿದ್ದಾರೆಯೇ, ಇಲ್ಲ ನೀವು ಅವರಿಗೂ 'ಪಾಪ, ನಿಮಗ್ಯಾಕೆ ತೊಂದರೆ' ಅಂತ ಹೇಳಿ ಬಾಗಿಲಿಂದಲೇ ಕಳಿಸುತ್ತಿದ್ದೀರಾ? ಇದಕ್ಕೆಲ್ಲ ನಿಮ್ಮ ಉತ್ತರ ಒಂದೇ, ನನಗೆ ಗೊತ್ತು. 'ನಾನು ಚೆನ್ನಾಗಿದ್ದೀನಮ್ಮ, ನನ್ನ ಚಿಂತೆ ಬಿಡಿ.' ಆ ಮಾತನ್ನು ನಂಬುವುದನ್ನು ಬಿಟ್ಟು ಬಹಳ ಕಾಲವಾಯಿತು. ನಮ್ಮ ಕ್ಷೇಮಸಮಾಚಾರ ಹೇಳಬೇಕೆಂದರೆ, ಇಬ್ಬರೂ ಬದುಕಿದ್ದೇವೆ. ಅದರಲ್ಲಿ ಒಬ್ಬರು ಮಧ್ಯಾಹ್ನದವರೆಗೂ ಹಾಗೇ ಇರುತ್ತಾರೆ ಅಂತ ಮಾತ್ರ ಭರವಸೆ ಕೊಡಲಾರೆ.

ಕೆಳಗಿನ ಕೌಂಟರಿನಿಂದ ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಜೊತೆ ಫೋನಿನಲ್ಲಿ ಜಗಳ ಆಡಲು ಆಗುವುದಿಲ್ಲ. ನಾನು ಬಾಯಿ ತೆರೆಯುವ ಮೊದಲೇ 'ಅಷ್ಟು ದೂರದಿಂದ ಮಾಡ್ತಿದ್ದೀಯ, ಸುಮ್ನೆ ನಿಂಗೆ ಖರ್ಚು, ಇಡ್ತೀನಿ' ಅಂತ ಇಟ್ಟೇಬಿಡುತ್ತೀರಿ. ಪತ್ರವನ್ನಾದರೆ ಅರ್ಧಕ್ಕೆ ಇಡಲು ನಿಮ್ಮಿಂದಾಗುವುದಿಲ್ಲ. ಬರೆದವರಿಗೆ ಬೇಜಾರಾದೀತು ಅಂತ ಕೊನೆಯ ಸಾಲಿನವರೆಗೂ ಓದುತ್ತೀರಿ. ಅದಕ್ಕೇ ಪತ್ರ. ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಕೂತು ಊರಿನವರ ಬೈಗುಳವನ್ನೆಲ್ಲ ವರ್ಷಗಟ್ಟಲೆ ಕೇಳಿದವಳು ನಾನು. ಕರೆಂಟು ಹೋದದ್ದು ನಾನು ಊದಿ ಆರಿಸಿದ್ದರಿಂದಲೇ ಎನ್ನುವ ಹಾಗೆ ಬೈಯುತ್ತಾರೆ, ನಾನು 'ದಯವಿಟ್ಟು ವಿವರ ಹೇಳಿ' ಅನ್ನುತ್ತೇನೆ. ಇವತ್ತು ದೂರು ನನ್ನದು, ಕೇಳಬೇಕಾದವರು ನೀವು. ಇನ್ನೊಂದು ಮಾತು. ಎಂದಿನಂತೆ 'ಅವರು' 'ಇವರು' ಅಂತ ನಿಮ್ಮ ಮಗನಿಗೆ ಮರ್ಯಾದೆ ಕೊಟ್ಟು ಬರೆಯುವ ತಾಳ್ಮೆ ನನಗಿಲ್ಲ. 'ಅವನು' ಅಂತಲೇ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳುವುದಿದ್ದರೆ ಮಾಡಿಕೊಳ್ಳಿ.

ವಿಷಯ ಇಷ್ಟು. ಇವತ್ತು ಹನ್ನೊಂದು ಗಂಟೆಗೆ ಎದುರಿನ ನಿಲ್ದಾಣದಿಂದ ಎರಡು ಬಸ್ಸು ಹೊರಡುತ್ತವೆ. ಒಂದು ಮುಂದಕ್ಕೆ, ಸಮುದ್ರದ ಕಡೆಗೆ. ನಮ್ಮ ತಿರುಗಾಟದ ಉಳಿದ ಅರ್ಧ ಆ ಕಡೆಗಿದೆ. ಇನ್ನೊಂದು ಹಿಂದಕ್ಕೆ, ನಿನ್ನೆ ದಾಟಿದ ಗಡಿಯನ್ನೇ ಮತ್ತೆ ದಾಟಿ ಮನೆಯ ಕಡೆಗೆ. ನಿಮ್ಮ ಮಗನಿಗೆ ಹೇಳಿದ್ದೇನೆ: ಈ ಪತ್ರ ಮುಗಿಯುವವರೆಗೆ ನನ್ನ ಹತ್ತಿರ ಮಾತಾಡಬೇಡ, ಮುಗಿದ ಮೇಲೆ ಯಾವ ಬಸ್ಸು ಅಂತ ನಾನೇ ಹೇಳುತ್ತೇನೆ. ಹಿಂದಿನ ಬಸ್ಸು ಅಂದರೆ ಬರೀ ಬಸ್ಸಲ್ಲ. ನಾನು ನೇರವಾಗಿ ನಮ್ಮಮ್ಮನ ಮನೆಗೆ ಹೋಗುತ್ತೇನೆ, ನಿಮ್ಮ ಮನೆಗಲ್ಲ. ಅವನು ಸರಿ ಅಂತ ತಲೆಯಾಡಿಸಿ ಹೊರಗೆ ವರಾಂಡದಲ್ಲಿ ಕೂತಿದ್ದಾನೆ. ಒಂದು ಸಲ ಬಾಗಿಲು ತಟ್ಟಿದ್ದರೂ ಈ ಪತ್ರ ಇಷ್ಟು ಉದ್ದ ಆಗುತ್ತಿರಲಿಲ್ಲ.

ಬೆನ್ನಿಗೆ ಚೀಲ ಹೊತ್ತು ಎರಡು ತಿಂಗಳು ದೇಶ ಸುತ್ತುವ ಹುಚ್ಚು ನನ್ನದೇ, ಒಪ್ಪುತ್ತೇನೆ. ರಜೆ ಕೂಡಿಸಿಟ್ಟವಳು ನಾನು, ಕನ್ನಡಕದ ಅಂಗಡಿಯಲ್ಲಿ ಅವನ ಯಜಮಾನರ ಹತ್ತಿರ ಹೋಗಿ ಅವನಿಗೂ ರಜೆ ಕೇಳಿದವಳು ನಾನೇ. ಅವನಾಗಿ ಕೇಳುತ್ತಿದ್ದನೇ? 'ಗಾಜು ಉಜ್ಜೋಕೆ ಅವರಿಗೆ ಬೇರೆ ಜನ ಇಲ್ಲ, ಪಾಪ' ಅಂತ ಇನ್ನೂ ಅಲ್ಲೇ ಕೂತಿರುತ್ತಿದ್ದ. ಹೊರಟ ದಿನದಿಂದ ನೋಡುತ್ತಿದ್ದೇನೆ. ಹೋಟೆಲಿನಲ್ಲಿ ಬೇರೆಯವರ ಊಟ ತಂದು ಇಟ್ಟರೂ ಅದನ್ನೇ ತಿನ್ನುತ್ತಾನೆ. ಬಸ್ಸಿನಲ್ಲಿ ಪಕ್ಕದವನು ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆದರೆ, ಆತ ಏಳುವವರೆಗೆ ಅಲುಗಾಡದೆ ಕೂತು, ಇಳಿದ ಮೇಲೆ ಕುತ್ತಿಗೆ ತಿರುಗಿಸಲಾಗದೆ ಒದ್ದಾಡುತ್ತಾನೆ. ದಾರಿ ತಪ್ಪಿದರೆ ಯಾರನ್ನೂ ಕೇಳುವುದಿಲ್ಲ, 'ಅವರು ಅವಸರದಲ್ಲಿದ್ದಾರೆ' ಅನ್ನುತ್ತಾನೆ. ನಿಂತಲ್ಲೇ ನಿಂತು ಹರಟೆ ಹೊಡೆಯುತ್ತಿರುವ ಇಬ್ಬರು ಮುದುಕರ ಬಗ್ಗೆ ಹೇಳಿದ ಮಾತು ಇದು. ಇದನ್ನೆಲ್ಲ ನಾನು ಇಷ್ಟು ದಿನ ನಗುತ್ತಾ ಸಹಿಸಿದೆ. ಬೆಳೆಸಿದವರ ಗುಣ, ಒಳ್ಳೇ ಗುಣ ಅಂದುಕೊಂಡೆ.

ನಿನ್ನೆ ಮಧ್ಯಾಹ್ನ ಗಡಿ. ಅದು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕು, ಇಲ್ಲದಿದ್ದರೆ ನೀವು 'ಅಯ್ಯೋ ಪಾಪ, ಅವರಾದರೂ ಏನು ಮಾಡ್ತಾರೆ' ಅಂತ ಆ ಅಧಿಕಾರಿಗಳ ಪರ ವಹಿಸಿಕೊಂಡು ಶುರು ಮಾಡುತ್ತೀರಿ. ಬಸ್ಸು ನಿಲ್ಲುತ್ತದೆ, ಎಲ್ಲರೂ ಇಳಿಯುತ್ತೇವೆ. ಬಿಟ್ಟುಬರುವ ದೇಶದ ಕಟ್ಟಡದಲ್ಲಿ ಹೊರಗೆ ಹೋಗಲು ಒಂದು ಮುದ್ರೆ, ಆಮೇಲೆ ಎರಡೂ ಕಡೆ ತಂತಿಬೇಲಿ ಇರುವ ದಾರಿಯಲ್ಲಿ ನಡಿಗೆ, ಈ ದೇಶದ ಕಟ್ಟಡದಲ್ಲಿ ಒಳಗೆ ಬರಲು ಇನ್ನೊಂದು ಮುದ್ರೆ. ಅಷ್ಟರಲ್ಲಿ ಬಸ್ಸು ಬೇರೆ ದಾರಿಯಲ್ಲಿ ಬಂದು ಆಚೆ ಕಡೆ ನಿಂತಿರುತ್ತದೆ. ದೊಡ್ಡ ಚೀಲಗಳನ್ನು ಬಸ್ಸಿನ ಹೊಟ್ಟೆಯಿಂದ ಇಳಿಸಲಿಲ್ಲ, ಒಂದು ನಾಯಿ ಬಂದು ಮೂಸಿ ಹೋಯಿತು. ಕೈಚೀಲಗಳನ್ನು ಮಾತ್ರ ಮೇಜಿನ ಮೇಲೆ ಬಿಚ್ಚಿಸುತ್ತಿದ್ದರು. ನಿಮ್ಮ ಮಗನ ಮುದ್ರೆ ಮೊದಲು ಬಿತ್ತು, ಮುಂದೆ ಹೋದ. ಹಿಂದೆ ಇದ್ದ ನನ್ನ ಕೈಚೀಲ ಬಿಚ್ಚಿದರು. ಅದರೊಳಗೆ ಏನು ಸಿಕ್ಕಿರಬಹುದು, ಊಹಿಸಿ ನೋಡೋಣ.

ನಿಮ್ಮ ಹೊಟ್ಟೆನೋವಿನ ಪುಡಿ. ಹಳೇ ಮುಖದ ಕ್ರೀಮಿನ ಡಬ್ಬಿಯಲ್ಲಿ ಒತ್ತಿ ತುಂಬಿಸಿ, ಹೊರಗಿನ ಚೀಟಿಯನ್ನು ನೀರಲ್ಲಿ ನೆನೆಸಿ ಉಜ್ಜಿ ಉಜ್ಜಿ ಕಿತ್ತು, ಮುಚ್ಚಳಕ್ಕೆ ದಾರ ಸುತ್ತಿ ಕೊಟ್ಟಿರಲ್ಲ, ಅದೇ. ಕಂದು ಬಣ್ಣದ ನುಣ್ಣನೆ ಪುಡಿ, ಹೆಸರಿಲ್ಲ, ಊರಿಲ್ಲ. ಮೇಜಿನ ಹಿಂದೆ ಇದ್ದ ಅಧಿಕಾರಿ ಹೆಂಗಸಿಗೆ ಜೋರು ನೆಗಡಿ. ಫ್ಲಾಸ್ಕಿನಿಂದ ಬಿಸಿನೀರು ಗುಟುಕರಿಸುತ್ತಾ, ಡಬ್ಬಿ ತೆರೆದು, ಬಿಳಿ ಹಾಳೆಯ ಮೇಲೆ ಚೂರು ಸುರಿದಳು. ಇದೇನು ಅಂದಳು. ಹೊಟ್ಟೆನೋವಿಗೆ ಅಂದೆ. ಒಳಗೆ ಏನೇನು ಹಾಕಿದ್ದಾರೆ ಅಂದಳು. ಗೊತ್ತಿಲ್ಲ, ನಮ್ಮತ್ತೆ ಮಾಡಿದ್ದು ಅಂದೆ. ಅವಳು ಫ್ಲಾಸ್ಕ್ ಕೆಳಗಿಟ್ಟು ನನ್ನನ್ನೇ ನೋಡಿ, 'ಅತ್ತೆ ಮಾಡಿದ್ದನ್ನ ಏನಿದೆ ಅಂತ ಕೇಳದೆ ತಿಂತೀಯಾ? ನಂಗಂತೂ ಅಷ್ಟು ಧೈರ್ಯ ಇಲ್ಲಪ್ಪ' ಅಂದಳು. ನನ್ನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದರು.

ಅತ್ತೆ, ಆ ಪುಡಿಯಲ್ಲಿ ಏನಿದೆ ಅಂತ ನನಗೆ ಯಾಕೆ ಗೊತ್ತಿಲ್ಲ? ನಾನು ಕೇಳಿದಾಗಲೆಲ್ಲ ನೀವು 'ಹುರಿದು ಕುಟ್ಟೋ ರಗಳೆ ನಿಂಗ್ಯಾಕೆ, ಆಫೀಸಿಂದ ಸುಸ್ತಾಗಿ ಬಂದಿರ್ತೀಯ, ನಾನೇ ಮಾಡಿಕೊಡ್ತೀನಿ' ಅಂತ ಹೇಳಿದಿರಿ. ನನಗೆ ತೊಂದರೆ ಆಗಬಾರದು ಅಂತ. ಅದರಲ್ಲಿ ಏನೇನಿದೆ ಅಂತ ಗೊತ್ತಿರುವವನು ಆ ಇಡೀ ಗಡಿಯಲ್ಲಿ ಒಬ್ಬನೇ, ನಿಮ್ಮ ಮಗ. ಚಿಕ್ಕಂದಿನಿಂದ ನಿಮ್ಮ ಪಕ್ಕ ಕೂತು ಕುಟ್ಟಿದವನು. ಅವನು ಒಳಗೆ ಬಂದು ನಾಲ್ಕು ಹೆಸರು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಕೋಣೆಯ ಬಾಗಿಲಿಗೆ ಗಾಜು ಇತ್ತು. ಅವನು ಆಚೆ ನಿಂತಿರುವುದು ನನಗೆ ಕಾಣುತ್ತಿತ್ತು, ನಾನು ಕೈಬೀಸಿ ಕರೆದೆ. ಅವನು ಬರಲಿಲ್ಲ. ನನಗೆ ಕಾಣುವ ಹಾಗೆ ಎರಡೂ ಕೈ ಎತ್ತಿ, ಗಾಬರಿಯಾಗಬೇಡ, ನಿಧಾನ, ನಿಧಾನ ಅಂತ ಸನ್ನೆ ಮಾಡಿದ. ಯಾಕೆ ಬರಲಿಲ್ಲ ಅಂತ ರಾತ್ರಿ ಕೇಳಿದ್ದಕ್ಕೆ ಹೇಳುತ್ತಾನೆ, 'ಅವರು ಕೆಲಸದಲ್ಲಿದ್ರು. ಮಧ್ಯ ನುಗ್ಗಿದ್ರೆ ಅವರಿಗೆ ತೊಂದರೆ ಅಲ್ವಾ?' ನನಗೆ ಆಗ ಸಿಟ್ಟು ನೆತ್ತಿಗೇರಿದ್ದು ಇನ್ನೂ ಇಳಿದಿಲ್ಲ.

ಆ ಕೋಣೆಯಲ್ಲಿ ಒಂದು ಮೇಜು, ನೆಲಕ್ಕೆ ಬೋಲ್ಟು ಹಾಕಿದ ಮೂರು ಕುರ್ಚಿ, ನೀರು ಸೋರುವ ಒಂದು ನಲ್ಲಿ. ನಾಯಿಯನ್ನು ಕರೆಸಿದರು. ಅದು ನಿಮ್ಮ ಪುಡಿಯನ್ನು ಮೂಸಿತು, ಒಂದು ಸಲ ಸೀನಿತು, ಇನ್ನೊಂದು ಸಲ ಸೀನಿತು, ಆಮೇಲೆ ಎಷ್ಟು ಎಳೆದರೂ ಮೇಜಿನ ಹತ್ತಿರ ಬರಲಿಲ್ಲ. ಒಬ್ಬ ಹುರಿಮೀಸೆಯವನು ಬಂದು ಸೀಸೆಯಿಂದ ಎರಡು ಹನಿ ಏನೋ ಹಾಕಿ ಬಣ್ಣ ಬದಲಾಗುತ್ತದೋ ಅಂತ ಕಾದ. ಬಣ್ಣ ಬದಲಾಗಲಿಲ್ಲ, ಆದರೆ ಅವನಿಗೆ ಸಮಾಧಾನವೂ ಆಗಲಿಲ್ಲ. ಕೊನೆಗೆ ನೆಗಡಿಯ ಹೆಂಗಸು ಒಂದು ಚಮಚ ತಂದು ನನ್ನ ಮುಂದೆ ಇಟ್ಟು, 'ನೀನೇ ತಿನ್ನು, ನೋಡೋಣ' ಅಂದಳು. ತಿಂದೆ. ನೀರಿಲ್ಲದೆ, ತುಂಬಿದ ಒಂದು ಚಮಚ. ಕಣ್ಣಲ್ಲಿ ನೀರು ಬಂತು, ಗಂಟಲು ಕಚ್ಚಿಕೊಂಡಿತು, ಕಿವಿಯಲ್ಲಿ ಹೊಗೆ ಬಂದ ಹಾಗಾಯಿತು. ನನ್ನ ಮುಖ ನೋಡಿ ಆ ಹೆಂಗಸು ನಕ್ಕುಬಿಟ್ಟಳು. ಇಷ್ಟು ಕಹಿ ಇರುವುದು ಔಷಧಿಯೇ ಇರಬೇಕು ಅಂತ ಹೇಳಿ ನನ್ನ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ ಕಳಿಸಿದಳು. ತನ್ನ ನೆಗಡಿಗೂ ಆಗುತ್ತದಾ ಅಂತ ಕೇಳಿ ಸ್ವಲ್ಪ ಪೊಟ್ಟಣ ಕಟ್ಟಿಸಿಕೊಂಡಳು. ಅದನ್ನು ಹೇಳಲೇಬಾರದು ಅಂದುಕೊಂಡಿದ್ದೆ, ನಿಮಗೆ ಖುಷಿಯಾಗುತ್ತದೆ ಅಂತ.

ಹೊರಗೆ ಬಂದರೆ ಬಸ್ಸಿಲ್ಲ.

ಬಸ್ಸು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಇತ್ತು. ಮೊದಲು ಬೇರೆ ಕಡೆ ನಿಲ್ಲಿಸಿರಬಹುದು ಅಂತ ಕಟ್ಟಡದ ಸುತ್ತ ಒಂದು ಸುತ್ತು ಬಂದೆ, ಆಮೇಲೆ ಇನ್ನೊಂದು ಸುತ್ತು. ಫೋನು ತೆಗೆದರೆ ಗಡಿ ದಾಟಿದ ಮೇಲೆ ಸಿಗ್ನಲ್ಲೇ ಇಲ್ಲ. ಗಾಳಿ ಅಂದರೆ ಗಾಳಿ, ತಂತಿಬೇಲಿ ಶಿಳ್ಳೆ ಹೊಡೆಯುತ್ತಿತ್ತು. ರಸ್ತೆ ಪಕ್ಕ ಚಹಾ ಮಾರುವ ಒಬ್ಬಳು ನನ್ನನ್ನು ಕರೆದು ಒಂದು ಗಂಟು ಕೊಟ್ಟಳು. ನಿಮ್ಮ ಮಗ ಕೊಟ್ಟುಹೋದದ್ದಂತೆ. ಬಿಚ್ಚಿ ನೋಡಿದೆ: ಅವನ ಸ್ವೆಟರು, ನೀರಿನ ಬಾಟಲಿ, ಪೇಪರಿನಲ್ಲಿ ಸುತ್ತಿದ ಒಂದು ಬನ್ನು. ಮುಂದಿನ ಬಸ್ಸಿಗೆ ಬಾ, ಅಲ್ಲಿ ಕಾಯ್ತಿರ್ತೀನಿ ಅಂತ ಅವಳ ಬಾಯಲ್ಲಿ ಹೇಳಿಕಳಿಸಿದ್ದ. ನನಗೆ ಚಳಿಯಾಗುತ್ತದೆ ಅಂತ ಗೊತ್ತಿತ್ತು ಅವನಿಗೆ. ಹಸಿವಾಗುತ್ತದೆ ಅಂತಲೂ ಗೊತ್ತಿತ್ತು. ಸ್ವೆಟರು ಇತ್ತು, ಅವನಿರಲಿಲ್ಲ. ನಾನು ಅದನ್ನು ಹಾಕಿಕೊಳ್ಳಲಿಲ್ಲ, ನಡುಗುತ್ತಲೇ ನಿಂತೆ. ಬನ್ನನ್ನು ಮಾತ್ರ ತಿಂದೆ, ಬಾಯಿಯ ಕಹಿ ಹೋಗಲಿ ಅಂತ.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಇನ್ನೊಂದು ಬಸ್ಸು ಬಂತು. ಮುದ್ರೆ ಮುಗಿಸಿ ಹೊರಟಿದ್ದ ಅದು ಅಲ್ಲಿ ಹೊಸಬರನ್ನು ಹತ್ತಿಸಿಕೊಳ್ಳುವ ಬಸ್ಸಲ್ಲ, ತುಂಬಿತ್ತು ಬೇರೆ. ನಾನು ರಸ್ತೆ ಮಧ್ಯ ಹೋಗಿ ಎರಡೂ ಕೈ ಚಾಚಿ ನಿಂತೆ. ನಿಂತಿತು. ಡ್ರೈವರ್ ಬೈದ, ಒಬ್ಬ ಕೋಟಿನವನು ಗಡಿಯಾರ ನೋಡಿಕೊಂಡು ಗೊಣಗಿದ, ಒಬ್ಬಳು ಮಗುವನ್ನು ತೊಡೆಗೆ ಎಳೆದುಕೊಂಡು ಜಾಗ ಬಿಟ್ಟಳು. ಅಷ್ಟೇ ಆದದ್ದು. ಆಕಾಶ ಕಳಚಿ ಬೀಳಲಿಲ್ಲ. ಗೊಣಗಿದವನೇ ಸ್ವಲ್ಪ ಹೊತ್ತಿಗೆ ನನಗೆ ಒಂದು ಮಿಠಾಯಿ ಕೊಟ್ಟ. ಜನರನ್ನು ಕಾಯಿಸಿದರೆ ಏನಾಗುತ್ತದೆ ಅಂತ ನಿಮ್ಮ ಮನೆಯಲ್ಲಿ ಯಾರೂ ಇದುವರೆಗೆ ಪರೀಕ್ಷೆ ಮಾಡಿ ನೋಡಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಏನೂ ಆಗುವುದಿಲ್ಲ, ಅತ್ತೆ.

ಇಲ್ಲಿ ಇಳಿದಾಗ ನಿಮ್ಮ ಮಗ ಬಸ್ಸು ನಿಲ್ಲುವ ಕಡೆಯಲ್ಲೇ ಕಂಬದ ಹಾಗೆ ನಿಂತಿದ್ದ. ಬಂದ ಹೊತ್ತಿನಿಂದ ಒಂದು ಹೆಜ್ಜೆ ಆಚೀಚೆ ಹೋಗಿರಲಿಲ್ಲವಂತೆ, ಮೂತ್ರಕ್ಕೂ ಹೋಗಿರಲಿಲ್ಲವಂತೆ. ನನ್ನನ್ನು ನೋಡಿದ್ದೇ ಅವನು ಆಡಿದ ಮೊದಲ ಮಾತು, 'ತುಂಬಾ ತೊಂದರೆ ಆಯ್ತಾ?' ಡ್ರೈವರ್ ಅವಸರ ಮಾಡಿರಬೇಕು, ಬಸ್ಸಿನವರು ಗಲಾಟೆ ಮಾಡಿರಬೇಕು, ಇವನೊಬ್ಬ ಏನು ಮಾಡಿಯಾನು ಅಂತ ಆಗಿನ್ನೂ ಅವನ ಪರವಾಗಿ ನಾನೇ ಮನಸ್ಸಿನಲ್ಲಿ ವಾದಿಸುತ್ತಿದ್ದೆ. ಅದು ವಸತಿಗೃಹದ ಮೆಟ್ಟಿಲು ಹತ್ತುವವರೆಗೆ.

ಮೆಟ್ಟಿಲಲ್ಲಿ ಸಿಕ್ಕಿದವಳು ಒಬ್ಬ ನರ್ಸು. ನಮ್ಮ ಬಸ್ಸಿನಲ್ಲೇ ಪಕ್ಕದ ಸಾಲಿನಲ್ಲಿ ಕೂತಿದ್ದವಳು. ವಾರಕ್ಕೊಮ್ಮೆ ಗಡಿ ದಾಟಿ ಈ ಊರಿನ ಆಸ್ಪತ್ರೆಗೆ ಬಂದು, ಮರುದಿನ ಹಿಂದಿರುಗುತ್ತಾಳೆ. ನನ್ನನ್ನು ಕಂಡು ಕೈ ಹಿಡಿದುಕೊಂಡು, ಬಂದೆಯಲ್ಲ ಸದ್ಯ ಅಂದಳು. ಆಮೇಲೆ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. 'ನಾವೆಲ್ಲ ಕಾಯ್ತೀವಿ ಅಂದ್ವಿ ಕಣಮ್ಮ. ಡ್ರೈವರ್ ಕೂಡ ಸಿಗರೇಟು ಹಚ್ಚಿ ಆರಾಮಾಗಿ ಕೂತಿದ್ದ. ನಿನ್ನ ಗಂಡನೇ ಎದ್ದು ನಿಂತು ಎಲ್ಲರಿಗೂ ಕೈ ಮುಗಿದು, ನಮ್ಮಿಂದ ನಿಮಗೆ ತೊಂದರೆ ಬೇಡ, ಹೊರಡಿ ಹೊರಡಿ ಅಂದ. ಹಾಗಾದ್ರೆ ನೀನಾದ್ರೂ ಇಳ್ಕೊಳ್ಳಪ್ಪ ಅಂದ್ವಿ. ನಿಮ್ಮ ಚೀಲಗಳು ಎಲ್ಲಕ್ಕಿಂತ ತಳದಲ್ಲಿ ಇದ್ವಂತೆ, ತೆಗೀಬೇಕು ಅಂದ್ರೆ ನಮ್ಮೆಲ್ಲರ ಸಾಮಾನೂ ಇಳಿಸಬೇಕಂತೆ. ಅಯ್ಯೋ ಬೇಡ ಬೇಡ ಅಂತ ಕೂತ್ಕೊಂಡೇಬಿಟ್ಟ.'

ಓದಿದಿರಾ? ಇನ್ನೊಂದು ಸಲ ಓದಿ. ಯಾರೂ ಅವಸರಪಡಿಸಲಿಲ್ಲ. ಯಾರೂ ಗೊಣಗಲಿಲ್ಲ. ಡ್ರೈವರ್ ಕಾಯಲು ತಯಾರಿದ್ದ, ಪ್ರಯಾಣಿಕರು ಕಾಯಲು ತಯಾರಿದ್ದರು, ಇಡೀ ಬಸ್ಸಿನಲ್ಲಿ ನನಗಾಗಿ ಕಾಯಲು ಒಪ್ಪದವನು ನನ್ನ ಗಂಡ ಒಬ್ಬನೇ. ಚೀಲಗಳು ತಳದಲ್ಲಿ ಯಾಕಿದ್ದವು ಗೊತ್ತಾ? ಎಲ್ಲರಿಗಿಂತ ಮೊದಲು ಹೋಗಿ ಇಡುವವನು ಇವನೇ. ಕೊನೆಗೆ ಹೋದರೆ ಬೇರೆಯವರು ನಮಗಾಗಿ ತಮ್ಮ ಚೀಲ ಸರಿಸಬೇಕಾಗುತ್ತದೆ, ಅವರಿಗೆ ತೊಂದರೆ. ಹಾಗಾಗಿ ಯಾವ ಬಸ್ಸಿನಲ್ಲೂ ನಮ್ಮದು ತಳದ ಚೀಲ. ಒಂದು ಬಸ್ಸಿನ ಸಾಮಾನು ಇಳಿಸಿ ಹತ್ತಿಸಲು ಎಷ್ಟು ಹೊತ್ತು ಬೇಕು? ಆ ಅಷ್ಟು ಹೊತ್ತಿನ ಬೆಲೆಯೂ ನನಗಿಲ್ಲ ಅಂತ ಆಯಿತಲ್ಲ.

ಇದನ್ನು ನಿಮ್ಮ ಮಗನಿಗೆ ಕಲಿಸಿದ್ದು ಯಾರು ಅಂತ ನನಗೆ ಗೊತ್ತು. ನನ್ನ ಮದುವೆಯಾದ ಮೊದಲ ವರ್ಷ, ಆ ಭಾನುವಾರ, ನೀವು ಬಚ್ಚಲಲ್ಲಿ ಜಾರಿ ಬಿದ್ದಿರಿ. ಕೈ ಮುರಿದಿತ್ತು. ನಾವು ಪಕ್ಕದ ಕೋಣೆಯಲ್ಲೇ ಇದ್ದೆವು, ಒಂದು ಗೋಡೆ ಅಡ್ಡ. ನೀವು ಕೂಗಲಿಲ್ಲ. ತಣ್ಣನೆ ನೆಲದ ಮೇಲೆ ಒದ್ದೆ ಸೀರೆಯಲ್ಲಿ ಮಲಗಿ, ನಾವು ನಾವಾಗಿ ಏಳಲಿ ಅಂತ ಕಾದಿರಿ. ನಾನು ಹಲ್ಲುಜ್ಜಲು ಬಂದು ನೋಡಿ ಕಿರುಚಿದರೆ, ನೀವು ನೆಲದಿಂದಲೇ ನಕ್ಕು 'ಭಾನುವಾರ ಅಲ್ವಾ, ಮಲಗಲಿ ಅಂತ ಬಿಟ್ಟೆ' ಅಂದಿರಿ. ಊರೆಲ್ಲ ನಿಮ್ಮನ್ನು ಹೊಗಳಿತು, ಎಂಥ ಅತ್ತೆ, ಸೊಸೆಯ ನಿದ್ದೆ ಕೆಡಿಸಲಿಲ್ಲ ಅಂತ. ನನಗೆ ಏನನ್ನಿಸಿತು ಅಂತ ಯಾರೂ ಕೇಳಲಿಲ್ಲ. ಇವತ್ತು ಹೇಳುತ್ತೇನೆ. ನನಗೆ ಅವಮಾನವಾಯಿತು. ಮುರಿದ ಕೈ ಹಿಡಿದುಕೊಂಡು ಬಿದ್ದಿರುವಾಗ ಕೂಗಿ ಕರೆಯುವಷ್ಟೂ ನಾನು ನಿಮ್ಮವಳಲ್ಲವೇ? ನಿದ್ದೆ ಕೆಟ್ಟರೆ ಮುಖ ಊದಿಸಿಕೊಳ್ಳುವ ಲಾಡ್ಜಿನ ಗಿರಾಕಿಯೇ ನಾನು? ತೊಂದರೆ ಕೊಡಬಾರದು ಅನ್ನುವುದು ಪರಕೀಯರ ಹತ್ತಿರ, ಅತ್ತೆ. ಮನೆಯವರಿಗೆ ತೊಂದರೆ ಕೊಡದೆ ಇನ್ಯಾರಿಗೆ ಕೊಡುತ್ತೀರಿ? ಮಾವನವರು ಬದುಕಿರುವವರೆಗೂ ಆರಿದ ಕಾಫಿ ಕುಡಿದರು, ಬಿಸಿ ಮಾಡಿಕೊಡು ಅಂತ ಒಂದು ದಿನ ನಿಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ನಿಮಗೆ ಸಂತೋಷವಾಗುತ್ತಿತ್ತು ಅಂತ ನೀವೇ ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿರಿ, ನೆನಪಿದೆಯಾ?

ನಾನು ಅವನನ್ನು ಮೊದಲು ನೋಡಿದ ಕಥೆ ನಿಮಗೆ ಗೊತ್ತು. ಕನ್ನಡಕದ ಕಾಲು ಮುರಿದುಕೊಂಡು ಅಂಗಡಿ ಮುಚ್ಚುವ ಹೊತ್ತಿಗೆ ಓಡಿಹೋಗಿದ್ದೆ. ಶಟರ್ ಎಳೆದು ಬೀಗ ಹಾಕಿ ಹೊರಟಿದ್ದವನು, ನನ್ನ ಮುಖ ನೋಡಿ ಮತ್ತೆ ಬೀಗ ತೆಗೆದ, ದೀಪ ಹಾಕಿದ, ಆ ಚಿಕ್ಕ ತಿರುಪನ್ನು ಮೂರು ಸಲ ನೆಲಕ್ಕೆ ಬೀಳಿಸಿ ಮೂರು ಸಲವೂ ಹುಡುಕಿ ಕೂರಿಸಿದ. ಮನೆಗೆ ಬಂದು ನಾನು ನಿದ್ದೆ ಮಾಡಲಿಲ್ಲ. ನನಗಾಗಿ ಶಟರ್ ಎತ್ತಿದವನು ಅಂದುಕೊಂಡು ಮದುವೆಯಾದೆ. ಆಮೇಲೆ ಗೊತ್ತಾಯಿತು, ಅವನು ಎಲ್ಲರಿಗೂ ಎತ್ತುತ್ತಾನೆ. ಬೀದಿನಾಯಿ ಬಂದು ಕುಂಯ್ ಅಂದಿದ್ದರೂ ಎತ್ತುತ್ತಿದ್ದ. ಊರಿಗೆಲ್ಲ ಹಂಚಿದ್ದರಲ್ಲಿ ನನ್ನ ಪಾಲಿಗೂ ಒಂದಿಷ್ಟು ಬಂದಿದೆ, ಅಷ್ಟೆ. ಎಲ್ಲರಿಗೂ ಒಳ್ಳೆಯವನಾಗಿರುವ ಗಂಡನನ್ನು ಕಟ್ಟಿಕೊಂಡವಳಿಗೆ ಏನು ಬೇಕು ಹೇಳಲಾ? ಒಂದು ಸಲ, ಒಂದೇ ಒಂದು ಸಲ, ಅವನು ನನಗಾಗಿ ಯಾರಿಗಾದರೂ ಕೆಟ್ಟವನಾಗಬೇಕು.

ಬೆಳಗ್ಗೆ ಎದ್ದು ಜಗಳ ಆಡೋಣ ಅಂತ ತಯಾರಾಗಿದ್ದೆ. ಅವನು 'ತಪ್ಪಾಯ್ತು' ಅಂದ. ನಾನು ಹಿಂದಕ್ಕೆ ಹೋಗುತ್ತೇನೋ ಏನೋ ಅಂದೆ. ಹೋಗಬೇಡ ಅನ್ನುತ್ತಾನೆ ಅಂತ ಕಾದೆ, ಸುಳ್ಳು ಯಾಕೆ ಹೇಳಲಿ. ಅವನು ತಲೆ ತಗ್ಗಿಸಿಕೊಂಡು, ನಮ್ಮಿಬ್ಬರ ಬಟ್ಟೆ ಬೆರಕೆಯಾಗಿದ್ದ ಎರಡೂ ಚೀಲಗಳನ್ನು ಮಂಚದ ಮೇಲೆ ಸುರಿದು, ನನ್ನದನ್ನೆಲ್ಲ ಬೇರೆ ಮಾಡಿ, ಮಡಿಸಿ, ನನ್ನ ಚೀಲಕ್ಕೆ ತುಂಬಿಸಿದ. ಸೋಪಿನ ಡಬ್ಬಿ ನನಗೆ ಕೊಟ್ಟು, ತಾನು ಸೋಪನ್ನು ಪೇಪರಿನಲ್ಲಿ ಸುತ್ತಿಕೊಂಡ. ಏನು ಮಾಡ್ತಿದ್ದೀಯ ಅಂದರೆ, 'ನೀನು ಹೋಗೋದಾದ್ರೆ ಆ ಹೊತ್ತಲ್ಲಿ ಹುಡುಕಾಡೋ ತೊಂದರೆ ಬೇಡ ಅಂತ.' ನಾನು ತನ್ನನ್ನು ಬಿಟ್ಟುಹೋಗುವುದಕ್ಕೂ ಅನುಕೂಲ ಮಾಡಿಕೊಡುವ ಗಂಡ, ಅತ್ತೆ. ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲವೇನೋ. ಹೋಗಬೇಡ ಅನ್ನುವ ಒಂದು ಮಾತು ಅವನ ಬಾಯಲ್ಲಿ ಬರಲಿಲ್ಲ. ನನಗೆ ಅದು ತೊಂದರೆ ಕೊಟ್ಟ ಹಾಗೆ ಆಗುತ್ತದಲ್ಲ.

ಹಾಗಾಗಿ ತೀರ್ಮಾನ ಮಾಡಿದ್ದೇನೆ. ಹಿಂದಕ್ಕೆ ಬರುತ್ತಿದ್ದೇನೆ. ನಿಮ್ಮ ಮೇಲೆ ಸಿಟ್ಟಿದೆ, ಆದರೆ ನೀವು ಮಾತ್ರೆ ತಪ್ಪಿಸಬೇಡಿ. ಮಣಿಕಟ್ಟಿಗೆ ಎಣ್ಣೆ ಹಚ್ಚಿಕೊಡಿ ಅಂತ ಟೀಚರಮ್ಮನನ್ನು ಬಾಯಿಬಿಟ್ಟು ಕೇಳಿ. ಅವರಿಗೂ ನನ್ನ ನಮಸ್ಕಾರ ತಿಳಿಸಿ. ಮೆಟ್ಟಿಲ ಕೆಳಗಿನ ಬೆಕ್ಕು ಮರಿ ಹಾಕಿದೆಯೋ ಇಲ್ಲವೋ ಬರೆಯಿರಿ. ಎಲ್ಲಿಗೆ ಬರೆಯುತ್ತೀರಿ ಅಂತ ಕೇಳಬೇಡಿ, ನಮ್ಮಮ್ಮನ ವಿಳಾಸ ನಿಮ್ಮ ಹತ್ತಿರ ಇದೆ.

ಆಶೀರ್ವಾದ ಬೇಡುವಷ್ಟು ತಗ್ಗುವ ಮನಸ್ಸು ಇವತ್ತಿಲ್ಲ. ಇದ್ದರೆ ನೀವಾಗಿಯೇ ಮಾಡಿ.

ಇಂತಿ,
ಈ ಹೊತ್ತಿನವರೆಗೆ ನಿಮ್ಮ ಸೊಸೆ

ಮರೆತ ಮಾತು: ಬಸ್ಸಿನಲ್ಲಿ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಗೀಚುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೊಳ್ಳಿ. ಹಿಂದಿನ ಬಸ್ಸು ಅಂದೆ. ಅವನು ಸರಿ ಅಂದ. ನನ್ನ ಚೀಲ ತಾನೇ ಹೊತ್ತು, ಬೇಗ ಬಂದು, ಎಲ್ಲರಿಗಿಂತ ಮೊದಲು ಬಸ್ಸಿನ ಹೊಟ್ಟೆಯೊಳಗೆ ತಳಕ್ಕೆ ಇಟ್ಟ. ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ. ಪಕ್ಕದಲ್ಲಿ ಅದೇ ನರ್ಸು. ಬಾಗಿಲು ಮುಚ್ಚಿತು, ಇಂಜಿನ್ನು ಶುರುವಾಯಿತು, ಬಸ್ಸು ನಾಲ್ಕು ಮಾರು ಹೋಯಿತು, ನಾನು ಆಚೆ ನೋಡಲಿಲ್ಲ. ಆಮೇಲೆ ಯಾರೋ ಬಸ್ಸಿನ ಮೈಗೆ ಎರಡೂ ಕೈಯಲ್ಲಿ ದಬದಬ ಬಡಿಯುವ ಸದ್ದು. ನಿಮ್ಮ ಮಗ. ಬಸ್ಸು ನಿಂತಿತು. ಡ್ರೈವರ್ ಇಳಿದು ಬೈಯುತ್ತಿದ್ದಾನೆ. ನಿಮ್ಮ ಮಗ ಕೇಳುತ್ತಿಲ್ಲ. ನನ್ನ ಕಿಟಕಿ ಕೆಳಗೆ ಬಂದು 'ನೀನು ಹೋಗೋದು ನಂಗೆ ಬೇಡ' ಅಂದ. ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ. ಆಮೇಲೆ ಬಸ್ಸಿನ ಹೊಟ್ಟೆ ತೆರೆಸಿ, ನನ್ನ ಚೀಲಕ್ಕಾಗಿ ಎಲ್ಲರ ಸಾಮಾನನ್ನೂ ಒಂದೊಂದಾಗಿ ನೆಲಕ್ಕೆ ಇಳಿಸುತ್ತಿದ್ದಾನೆ. ಪೆಟ್ಟಿಗೆ, ಮೂಟೆ, ಒಂದು ಹೊಲಿಗೆ ಯಂತ್ರ, ಯಾರದೋ ಹಾಸಿಗೆ. ಜನ ಕಿಟಕಿಯಿಂದ ತಲೆ ಹಾಕಿ ಕೂಗುತ್ತಿದ್ದಾರೆ. ಅವನ ಕಿವಿ ಕೆಂಪಾಗಿದೆ, ಪ್ರತಿ ಮೂಟೆ ಇಳಿಸುವಾಗಲೂ ಕ್ಷಮಿಸಿ ಕ್ಷಮಿಸಿ ಅನ್ನುತ್ತಿದ್ದಾನೆ, ಆದರೆ ನಿಲ್ಲಿಸುತ್ತಿಲ್ಲ. ನರ್ಸು ನನ್ನನ್ನು ತಿವಿದು, ಇಳಿಯೇ ಮಾರಾಯ್ತಿ ಅಂತಿದ್ದಾಳೆ. ಇಳಿಯುತ್ತೇನೆ. ಈ ಪತ್ರ ಅವಳ ಕೈಲಿ ಕೊಡುತ್ತೇನೆ, ಗಡಿಯಾಚೆ ಅಂಚೆಗೆ ಹಾಕುತ್ತಾಳೆ. ಮುಖ್ಯವಾದದ್ದು ಒಂದೇ ಮಾತು: ಇನ್ನೊಮ್ಮೆ ಬಿದ್ದರೆ ಕೂಗಿ, ಅತ್ತೆ. ಭಾನುವಾರವಾದರೂ ಕೂಗಿ. ಇನ್ನೂ ಎಂಟು ಹತ್ತು ಮೂಟೆ ಬಾಕಿ ಇದೆ. ಡ್ರೈವರ್ ಹಾರ್ನ್ ಒತ್ತಿ ಹಿಡಿದಿದ್ದಾನೆ. ತಳದ ಚೀಲ ಹೊರಗೆ ಬರುವವರೆಗೆ ನಾನು ಈ ಸೀಟು ಬಿಟ್ಟು ಏಳುವುದಿಲ್ಲ.